ಮೆಟ್ಟಿಲ ಮೇಲೆ ತಡೆದವಳು

ನಮ್ಮ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಸಾಕ್ಷಿ ಹೇಳುವ ರೂಢಿಯಿದೆ. ಕನಸಿನಲ್ಲಿ ದೇವದೂತ ಬಂದ, ಆಸ್ಪತ್ರೆಯ ಮಂಚದ ಪಕ್ಕ ಬೆಳಕು ನಿಂತಿತ್ತು ಎಂದು ಯಾರಾದರೂ ಶುರುಮಾಡಿದರೆ ನಾನು ತಲೆ ತಗ್ಗಿಸಿ ಸೆರಗಿನ ಅಂಚು ನೋಡುತ್ತ ಕೂರುತ್ತಿದ್ದೆ. ಎಲ್ಲಿ ನಗು ಬಂದುಬಿಡುತ್ತದೋ ಎಂಬ ಭಯ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದೇವರನ್ನು ನಂಬುತ್ತೇನೆ, ಹುಟ್ಟಿದಾಗಿನಿಂದ ನಂಬಿದ್ದೇನೆ. ಆದರೆ ಅವನು ಹೀಗೆ ಅಡ್ಡ ಬಂದು ನಿಂತು ಮಾತಾಡುತ್ತಾನೆಂದು ಯಾರಾದರೂ ಹೇಳಿದರೆ, ಪಾಪ, ಇವರಿಗೆ ಜ್ವರವಿದ್ದಿರಬೇಕು ಎಂದುಕೊಳ್ಳುತ್ತಿದ್ದೆ.

ಏಳು ವರ್ಷದ ಹಿಂದಿನ ಮಾತು. ಆಗ ನಾನು ಜಯಲಕ್ಷ್ಮಿಪುರಂನ ಒಂದು ಶಾಲೆಯಲ್ಲಿದ್ದೆ. ಸಿದ್ದರಾಜು ಎಂಬ ಗಣಿತದ ಮೇಷ್ಟ್ರು ಆ ವರ್ಷ ಹೊಸದಾಗಿ ಬಂದರು. ಹೆಂಡತಿ ಮಕ್ಕಳು ಚಾಮರಾಜನಗರದ ಕಡೆಯ ಹಳ್ಳಿಯಲ್ಲಿ. ಇವರು ಬೋಗಾದಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ಮಿತಭಾಷಿ. ನಾನು ಹೇಳಿದ ಸಣ್ಣ ಮಾತನ್ನೂ ನೆನಪಿಟ್ಟುಕೊಂಡು ವಾರ ಕಳೆದ ಮೇಲೆ ಕೇಳುತ್ತಿದ್ದರು. ನಮ್ಮ ಮನೆಯವರು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡಿ ಬಂದು ಉಂಡು ಮಲಗುವವರು. ಒಳ್ಳೆಯ ಮನುಷ್ಯ. ಅವರ ಮೇಲೆ ತಪ್ಪು ಹೊರಿಸಲು ನಾನಿದನ್ನು ಬರೆಯುತ್ತಿಲ್ಲ. ನನ್ನ ಮನಸ್ಸು ಜಾರಿತು, ಅಷ್ಟೇ.

ಸುಮ್ಮನೆ ಜಾರಲು ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ಇದು ಶೋಧನೆ, ಪಾಪಕ್ಕೆ ಎಳೆಯುವ ಪರೀಕ್ಷೆ, ಇದರಿಂದ ಓಡಬೇಕು ಎಂದು ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಕೂರುವ ಜಾಗ ಬದಲಾಯಿಸಿದೆ. ಪರೀಕ್ಷಾ ಸಮಿತಿಯಲ್ಲಿ ಅವರ ಜೊತೆ ಹಾಕಿದಾಗ ಹೆಡ್‌ಮಿಸ್ ಹತ್ತಿರ ಹೋಗಿ ಸುಳ್ಳು ಕಾರಣ ಹೇಳಿ ಬಿಡಿಸಿಕೊಂಡೆ. ಶುಕ್ರವಾರ ಉಪವಾಸ ಹಿಡಿದೆ. ಅವರ ನಂಬರನ್ನು ಫೋನಿನಿಂದ ಅಳಿಸಿದೆ; ಆದರೆ ಅದು ಬಾಯಿಪಾಠವಾಗಿತ್ತು. ದಿನಾ ಬೆಳಗ್ಗೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಮಗಳಿಗೆ ಕೇಳಿಸದಿರಲೆಂದು ನಲ್ಲಿ ತಿರುಗಿಸಿ, ‘ನನ್ನ ಕೈಲಾಗುತ್ತಿಲ್ಲ, ನೀನೇ ತಡಿ’ ಎಂದು ದೇವರನ್ನು ಕೇಳಿಕೊಂಡು ಅಳುತ್ತಿದ್ದೆ. ಮೂರು ತಿಂಗಳು ಹೀಗೇ ನಡೆಯಿತು. ಇದು ಯಾರಿಗೂ ಗೊತ್ತಿರಲಿಲ್ಲ. ಮನೆಯವರಿಗಿಲ್ಲ, ಚರ್ಚಿನ ಅಯ್ಯನವರಿಗಿಲ್ಲ, ಸಿದ್ದರಾಜುವಿಗಂತೂ ಮೊದಲೇ ಇಲ್ಲ.

ಒಂದು ಶನಿವಾರ, ಅರ್ಧ ದಿನದ ಶಾಲೆ. ಸಿದ್ದರಾಜು ಅವತ್ತು ರಜೆಯಲ್ಲಿದ್ದರು. ಮಧ್ಯಾಹ್ನ ಮೆಸೇಜು ಬಂತು: ‘ಒಂದ್ಸಲ ಬಂದು ಹೋಗ್ತೀರಾ?’ ನಾನು ‘ಇಲ್ಲ’ ಎಂದು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಕೊನೆಗೆ ‘ಬರ್ತೀನಿ’ ಎಂದು ಕಳಿಸಿ ಆಟೋ ಹತ್ತಿದೆ. ದಾರಿಯುದ್ದಕ್ಕೂ ಪ್ರಾರ್ಥನೆ ನೆನಪಾಗಲಿಲ್ಲ. ನೆನಪಾಗಬಾರದೆಂದು ಆಟೋದವನ ಜೊತೆ ಮಾತಾಡುತ್ತಿದ್ದೆ.

ಆ ಕಟ್ಟಡ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಕೆಳಗೆ ಮಾಲೀಕರ ಮನೆ, ಮೊದಲ ಮಹಡಿಯಲ್ಲಿ ಸಿದ್ದರಾಜು, ಮೇಲೆ ಬರೀ ಕಂಬಗಳು. ಗೇಟು ತೆಗೆದು ಮೆಟ್ಟಿಲು ಹತ್ತಿದೆ. ಅರ್ಧದಲ್ಲಿ, ಮೆಟ್ಟಿಲು ತಿರುಗುವ ಕಡೆ, ಒಬ್ಬ ಮುದುಕಿ ಕುಕ್ಕರಗಾಲಲ್ಲಿ ಕೂತು ನೆಲ ಒರೆಸುತ್ತಿದ್ದಳು. ಕಂದು ಸೀರೆ, ಬಳೆಯಿಲ್ಲದ ಕೈ. ದಾರಿ ಬಿಡಲಿ ಎಂದು ನಿಂತೆ. ಅವಳು ಬಿಡಲಿಲ್ಲ.

“ಎಲ್ಗಮ್ಮ ಓಯ್ತಿದೀಯ?” ಎಂದಳು, ತಲೆ ಎತ್ತದೆ.

“ಮೇಲೆ, ಮೇಷ್ಟ್ರ ಮನೆಗೆ.”

ಆಗ ಅವಳು ಎದ್ದಳು. “ದಿನಾ ಬೆಳಗ್ಗೆ ನಲ್ಲಿ ಬುಟ್ಕಂಡು ತಡಿ ತಡಿ ಅಂತ ಅಳ್ತಿದ್ಯಲ್ಲ. ತಡುದ್ರೆ ನಿಂತ್ಕಂತೀಯಾ?” ಎಂದು ಒದ್ದೆ ಅಂಗೈಯನ್ನು ನನ್ನ ಎದೆಯ ಮೇಲಿಟ್ಟು ಹಿಂದಕ್ಕೆ ತಳ್ಳಿದಳು. ಜೋರಾಗೇನಲ್ಲ. “ಓಗು. ಓಡೋಗು.”

ಅವಳ ಮುಖದಲ್ಲಿ ಕರುಣೆಯಿತ್ತೇ, ಕೋಪವಿತ್ತೇ? ಎರಡೂ ಇರಲಿಲ್ಲ ಎಂದೇ ನನ್ನ ನೆನಪು. ನಾನು ಓಡಿದೆ. ಆ ಮಾತಿನ ಅರ್ಥ ಮನಸ್ಸಿಗೆ ಇಳಿಯುವ ಮೊದಲೇ ಕಾಲು ಇಳಿದಿತ್ತು. ಗೇಟು ಹಾಕಿದೆನೋ ಇಲ್ಲವೋ ತಿಳಿಯದು. ಮುಖ್ಯರಸ್ತೆಗೆ ಬಂದು ಸಿಕ್ಕ ಆಟೋ ಹತ್ತಿ ನೇರ ಚರ್ಚಿಗೆ ಹೋದೆ. ಹೋಗುತ್ತಲೇ ಫೋನು ಆಫ್ ಮಾಡಿದೆ. ಎಲ್ಲಿ ಅವರು ಕರೆದುಬಿಟ್ಟರೆ ಮತ್ತೆ ತಿರುಗುತ್ತೇನೋ ಎಂದು ನನಗೇ ನನ್ನ ಮೇಲೆ ನಂಬಿಕೆಯಿರಲಿಲ್ಲ.

ಚರ್ಚು ನೋಡಿಕೊಳ್ಳುವ ಅರುಳಪ್ಪ ಬಾಗಿಲು ತೆಗೆದು, “ಏನ್ ಮೇಡಂ, ಎದೆ ಮೇಲೆ ನೀರು ಚೆಲ್ಕಂಡಿದೀರಾ?” ಎಂದ. ನೋಡಿಕೊಂಡೆ. ಸೀರೆಯ ಮೇಲೆ ಅಂಗೈಯಗಲದ ಒದ್ದೆ. ಹೊರಗೆ ಸುಡುಬಿಸಿಲು.

ಮೂರು ಗಂಟೆಯಿಂದ ಆರರವರೆಗೆ ಮೊಣಕಾಲೂರಿ ಕೂತಿದ್ದೆ. ಅಷ್ಟು ಹತ್ತಿರದಲ್ಲಿ ದೇವರಿದ್ದಾನೆಂದು ನನಗೆ ಹಿಂದೆ ಅನ್ನಿಸಿರಲಿಲ್ಲ, ಆಮೇಲೂ ಅನ್ನಿಸಿಲ್ಲ. ಬಿಡುಗಡೆಯಾಯಿತು, ಬಿಡುಗಡೆಯಾಯಿತು ಎಂದು ಅಳುತ್ತಿದ್ದೆ. ಸಂಜೆ ಮನೆಗೆ ಬಂದು ಫೋನು ಆನ್ ಮಾಡಿದಾಗ ಮೂರು ಮಿಸ್ಡ್ ಕಾಲಿನ ಮೆಸೇಜು ಬಂತು. ಮೂರೂ ಆ ನಂಬರಿನಿಂದ. ಮೂರೂ ಮೂರೂವರೆಯಿಂದ ನಾಲ್ಕರ ನಡುವೆ. ಗೆದ್ದೆ ಎಂಬ ಹೆಮ್ಮೆಯಲ್ಲಿ ಅವನ್ನು ಅಳಿಸಿದೆ.

ಭಾನುವಾರ ಸಂಜೆ ಹೆಡ್‌ಮಿಸ್ ಫೋನು ಮಾಡಿದರು. ಸಿದ್ದರಾಜು ಹೋಗಿಬಿಟ್ಟಿದ್ದರು. ಫೋನು ಎತ್ತುತ್ತಿಲ್ಲವೆಂದು ಹೆಂಡತಿ ಮಾಲೀಕರಿಗೆ ಹೇಳಿ, ಅವರು ಬಾಗಿಲು ಒಡೆಸಿದಾಗ ನೆಲದ ಮೇಲಿದ್ದರಂತೆ. ಹೃದಯಾಘಾತ, ಶನಿವಾರ ಸಂಜೆಯ ಹೊತ್ತಿಗೇ ಮುಗಿದಿತ್ತು ಎಂದರು ಡಾಕ್ಟರು. ಬೇಗ ಯಾರಾದರೂ ನೋಡಿದ್ದರೆ ಉಳಿಯುತ್ತಿದ್ದರೋ ಏನೋ ಎಂದೂ ಅಂದರಂತೆ.

ಹದಿನೈದು ದಿನದ ಮೇಲೆ ಅವರ ಹೆಂಡತಿ ರೂಮು ಖಾಲಿ ಮಾಡಲು ಬಂದಾಗ ಶಾಲೆಯಿಂದ ನಾವು ಮೂವರು ಹೋದೆವು. ಹೋಗದಿರಲು ನನಗೆ ಧೈರ್ಯವಾಗಲಿಲ್ಲ. ಮೆಟ್ಟಿಲು ಒರೆಸುವ ಅಜ್ಜಿ ಎಲ್ಲಿ ಎಂದು ಮಾಲೀಕರ ಹೆಂಡತಿಯನ್ನು ಕೇಳಿದೆ. ಅವರು ವಿಚಿತ್ರವಾಗಿ ನೋಡಿದರು. “ಯಾವ ಅಜ್ಜಿ? ಮೆಟ್ಲು ನಾನೇ ತೊಳೆಯೋದು ಕಣ್ರೀ. ಆ ಶನಿವಾರ ನಾವೆಲ್ಲ ನಂಜನಗೂಡಿಗೆ ಹೋಗಿದ್ವಿ. ಗೇಟಿಗೆ ಬೀಗ ಹಾಕ್ಕಂಡು ಹೋಗಿದ್ವಲ್ಲ. ಮೇಷ್ಟ್ರ ಹತ್ರ ಬೇರೆ ಕೀ ಇತ್ತು, ಆದ್ರೆ ನಾವು ಬಂದಾಗ್ಲೂ ಬೀಗ ಹಾಕಿದ್ದಂಗೇ ಇತ್ತು.”

ಗೇಟು ನಾನು ತೆಗೆದದ್ದು ಚೆನ್ನಾಗಿ ನೆನಪಿದೆ. ಬೀಗ ಇರಲಿಲ್ಲ.

ಒಳಗೆ ಪಾತ್ರೆ ಕಟ್ಟುತ್ತಿದ್ದ ಸಿದ್ದರಾಜುವಿನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. “ನೀವೇ ಅಲ್ವಾ ಸೈನ್ಸ್ ಮೇಡಂ? ಅವತ್ತು ನಿಮ್ಗೇ ಮೂರು ಸಲ ಮಾಡವ್ರೆ. ನನಗೆ ಒಂದು ಸಲನೂ ಮಾಡ್ನಿಲ್ಲ. ಏನಂದ್ರು ಮೇಡಂ?”

“ಎತ್ತಲಿಲ್ಲಮ್ಮ. ಫೋನ್ ಆಫ್ ಆಗಿತ್ತು.”

“ಎಲ್ಲಿದ್ರಿ?”

“ಚರ್ಚಲ್ಲಿ.”

ಆಕೆ “ಒಳ್ಳೇದಾಯ್ತು ಬುಡಿ” ಎಂದು ಮತ್ತೆ ಪಾತ್ರೆಯ ಕಡೆ ತಿರುಗಿದರು.

ಅಯ್ಯನವರಿಗೆ ಎಲ್ಲವನ್ನೂ ಹೇಳಿದೆ. ಕರ್ತನು ನಿಮ್ಮನ್ನು ಕೇಡಿನಿಂದ ತಪ್ಪಿಸಿದ ಎಂದರು. ಸಿದ್ದರಾಜುವನ್ನೇಕೆ ತಪ್ಪಿಸಲಿಲ್ಲ ಎಂದು ಕೇಳಿದ್ದಕ್ಕೆ, ಪ್ರಾರ್ಥನೆ ಮಾಡೋಣ ಎಂದು ಕಣ್ಣು ಮುಚ್ಚಿದರು. ಆ ಮುದುಕಿ ದೇವರ ಕಡೆಯವಳಾಗಿದ್ದರೆ, ಹತ್ತು ಮೆಟ್ಟಿಲು ಮೇಲೆ ಒಬ್ಬ ಮನುಷ್ಯ ಸಾಯಲಿದ್ದಾನೆಂದು ಅವಳಿಗೆ ತಿಳಿದಿರಲಿಲ್ಲವೇ? ದೇವರ ಕಡೆಯವಳಲ್ಲದಿದ್ದರೆ, ನನ್ನ ಬಚ್ಚಲಮನೆಯ ಮಾತು ಅವಳಿಗೆ ಹೇಳಿದವರು ಯಾರು? ನನ್ನ ಅಂಜಿಕೆಯೇ ರೂಪ ತಾಳಿ ಬಂತು ಎನ್ನೋಣವೆಂದರೆ, ಅರುಳಪ್ಪ ಒದ್ದೆಯನ್ನು ಕಂಡಿದ್ದಾನೆ.

ಕಳೆದ ವರ್ಷ ನಮ್ಮ ಮನೆಯವರಿಗೂ ಹೇಳಿಬಿಟ್ಟೆ. ಬೈಯುತ್ತಾರೆ, ಮನೆ ಬಿಟ್ಟು ಹೋಗು ಅನ್ನುತ್ತಾರೆ ಎಂದು ಎಲ್ಲಕ್ಕೂ ಸಿದ್ಧಳಾಗಿದ್ದೆ. ಅವರು ಕೊನೆಯವರೆಗೂ ಕೇಳಿ, ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು.

“ನೀನು ಒಳಗೆ ಹೋಗಿದ್ರೆ ಆತ ಬದುಕ್ತಿದ್ನಾ?”

“ಬದುಕ್ತಿದ್ರೇನೋ.”

“ಹಂಗಾದ್ರೆ ಹೋಗ್ಬೇಕಾಗಿತ್ತು ಕಣೆ” ಎಂದರು.

ಕೋಪದಿಂದ ಹೇಳಿದ್ದಲ್ಲ. ಯೋಚಿಸಿ, ನಿಧಾನವಾಗಿ ಹೇಳಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪಾಳಿಗೆ ಹೊರಟರು. ಅವತ್ತು ಆ ಮುದುಕಿ ನನ್ನನ್ನು ಯಾವುದರಿಂದ ಓಡಿಸಿದಳು ಎಂಬುದು ನನಗೆ ಇನ್ನೂ ತಿಳಿದಿಲ್ಲ.