ಶೌಚಾಲಯದಲ್ಲಿ ಧಾರವಾಡದ ಕಡತಗಳು

ಗದಗ ಹೊಸದಾಗಿ ಜಿಲ್ಲೆಯಾದಾಗ ನಾನು ಅಲ್ಲೊಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಬಾಡಿಗೆ ಕಟ್ಟಡ. ನಾಮಫಲಕ ಬಂತು, ಸಾಹೇಬರಿಗೆ ತಿರುಗುವ ಕುರ್ಚಿ ಬಂತು. ಧಾರವಾಡದಿಂದ ಲಾರಿ ತುಂಬ ಕಡತ ಬಂದಾಗ ಜಾಗವಿಲ್ಲವೆಂದು ಅವನ್ನು ಹೆಂಗಸರ ಶೌಚಾಲಯದಲ್ಲಿ ತುಂಬಿ ಬೀಗ ಹಾಕಿದರು. ಹೆಂಗಸರೆಂದರೆ ನಾನು, ಮತ್ತು ಲಕ್ಷ್ಮೇಶ್ವರದಿಂದ ಬರುತ್ತಿದ್ದ ಹಿರಿಯ ಟೈಪಿಸ್ಟ್. ಅವರನ್ನು ನಾನು ಅವರ ಮನೆಮಾತಿನಲ್ಲೇ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ.

"ಇಬ್ಬರ ಸಲುವಾಗಿ ಒಂದ ಖೋಲಿ ಯಾಕ ಬೇಕ್ರಿ?" ಎಂದು ಸಾಹೇಬರು ನಕ್ಕರು. ಅವರ ಕೋಣೆಗೆ ಒಳಗೇ ಶೌಚಾಲಯವಿತ್ತು.

ನಾವು ನೀರು ಕುಡಿಯುವುದನ್ನೇ ಬಿಟ್ಟೆವು. ಬೆಳಿಗ್ಗೆ ಬೆಟಗೇರಿಯ ಮನೆಯಲ್ಲಿ ನಲ್ಲಿ ನೀರು ಹಿಡಿಯುವ ಗಡಿಬಿಡಿಯಲ್ಲಿ ಹೊಟ್ಟೆ ಕರೆದರೂ ನಾನು ಹೋಗುತ್ತಿರಲಿಲ್ಲ. ಮಧ್ಯಾಹ್ನ ಮಿರ್ಚಿಭಜಿ, ಚಹಾ. ಸಂಜೆಯವರೆಗೆ ಕೂತಲ್ಲೇ ಕೂಡುವುದು. ಕೆಲವೇ ತಿಂಗಳಲ್ಲಿ ನನ್ನ ಹೊಟ್ಟೆ ಪಕ್ಕಾ ಸರ್ಕಾರಿ ಕಚೇರಿಯಾಯಿತು: ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ.

ಕೊನೆಗೆ ಡಾಕ್ಟರಮ್ಮನ ಬಳಿ ಹೋದೆ.

"ದಿನಾ ಎಷ್ಟ ನೀರ ಕುಡೀತೀರಿ?"

"ಮುಂಜಾನಿ ಒಂದ ಲೋಟಾ ರೀ."

"ಬಂದಾಗ ಹೋಗದ ತಡಕೊಂಡ್ರ ಹೊಟ್ಟಿ ಕರಿಯೋದ ಬಿಡತೈತಿ. ನೀರ ಕುಡೀರಿ, ರೊಟ್ಟಿ, ಪಲ್ಯಾ, ಸೌತಿಕಾಯಿ ತಿನ್ರಿ, ಒಂದೀಟ ನಡೀರಿ. ದಿನಾ ಹೊತ್ತಿಗೆ ಸರಿಯಾಗಿ ಕುಂಡ್ರಿ."

ಕಚೇರಿಯ ಕತೆ ಹೇಳಿದೆ. ಅವರು ನಗಲಿಲ್ಲ. "ಮದಲ ಆ ಬೀಗ ತಗಸ್ರಿ" ಎಂದರು.

ಮರುದಿನ ಇದನ್ನು ಹೇಳಿದಾಗ ಆಪಾ ಕಣ್ಣು ತುಂಬಿಕೊಂಡರು. ಅವರಿಗೆ ರಕ್ತವೇ ಬೀಳುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಕಣ್ಣೊರೆಸಿಕೊಂಡು, "ಚಾವಿ ಎಲ್ಲೈತಿ ನನಗ ಗೊತ್ತೈತಿ, ಬಾ" ಎಂದರು.

ಕಡತದ ಗಂಟುಗಳನ್ನೆಲ್ಲ ಹೊತ್ತು ಸಾಹೇಬರ ಕುರ್ಚಿಯ ಸುತ್ತ ಒಟ್ಟಿದೆವು.

"ಏನ್ರಿ ಇದು?" ಸಾಹೇಬರು ಕೂಗಿದರು.

"ನಿಮ್ಮ ಸಂಡಾಸದಾಗ ಇಡಸ್ರಿ ಸಾಹೇಬ್ರ," ಎಂದರು ಆಪಾ. "ನೀವರ ಒಬ್ಬರ ಅದೀರಿ."

ಅಸಭ್ಯ ವರ್ತನೆಗೆ ಕಾರಣ ಕೇಳಿ ನಮಗೆ ನೋಟಿಸು ಬಂತು. ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಟ್ಟೆ. ಮುಂದೆ ಯಾರೂ ಕೇಳಲಿಲ್ಲ. ಕಡತಗಳು ಪಡಸಾಲೆಗೆ ಹೋದವು, ಗೆದ್ದಲಿಗೆ ಅನುಕೂಲವಾಯಿತು.

ಬೀಗ ತೆಗೆದ ಮಾತ್ರಕ್ಕೆ ಹೊಟ್ಟೆ ಸರಿಹೋಗಲಿಲ್ಲ. ಅರ್ಧ ತಾಸು ಮೊದಲು ಎದ್ದು, ಬಿಸಿನೀರು ಕುಡಿದು, ಅವಸರವಿಲ್ಲದೆ ಕೂತೆ. ಕಚೇರಿಗೆ ನಡೆದೇ ಹೋದೆ, ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಒಯ್ದೆ. ಹದಿನೈದು ದಿನ ಹಿಡಿಯಿತು.

ಆಪಾಗೆ ಮಾತ್ರ ತಡವಾಗಿತ್ತು. ಮೂಲವ್ಯಾಧಿಗೆ ಆಪರೇಶನ್ ಮಾಡಿಸಬೇಕಾಯಿತು. ಸಾಹೇಬರ ಎದುರು ಅಷ್ಟು ಮಾತಾಡಿದ ಹೆಂಗಸು ರಜೆಯ ಅರ್ಜಿಯಲ್ಲಿ ಮಾತ್ರ 'ಜ್ವರ' ಎಂದು ಬರೆದರು.