ನಾಯಿಗೆ ಕಲಿಸಿದ ಕನ್ನಡ

ಗಾಜುವಾಕದ ಆ ಬಾಡಿಗೆ ಮನೆಯಲ್ಲಿದ್ದಾಗ ನಾನು ಕನ್ನಡ ಮಾತಾಡುತ್ತಿದ್ದುದು ಇಬ್ಬರ ಜೊತೆ ಮಾತ್ರ. ಒಬ್ಬರು ನನ್ನ ಗಂಡ. ಅವರು ಔಷಧಿ ಕಾರ್ಖಾನೆಯ ಮೂರು ಪಾಳಿಗಳಲ್ಲಿ ಯಾವುದಾದರೊಂದರಲ್ಲಿ ಇರುತ್ತಿದ್ದರು, ಇಲ್ಲವೇ ನಿದ್ದೆಯಲ್ಲಿರುತ್ತಿದ್ದರು. ಇನ್ನೊಂದು ಕೆಳಮನೆಯ ನಾಯಿ. ಇಬ್ಬರಲ್ಲಿ ನನ್ನ ಮಾತನ್ನು ಕಿವಿಗೊಟ್ಟು ಕೇಳುತ್ತಿದ್ದುದು ನಾಯಿ.

ನಾಯಿಯ ಒಡತಿಯೇ ನಮ್ಮ ಮನೆಯ ಒಡತಿ. ಹೈಸ್ಕೂಲಿನ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಬೀದಿಯವರೆಲ್ಲ ಟೀಚರ್‌ಗಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ತುಮಕೂರು ಕಡೆಯಿಂದ ಬಂದಿಳಿದ ನನಗೆ ಅಂಗಡಿಯಲ್ಲಿ ಉಪ್ಪು ಕೇಳುವಷ್ಟೂ ತೆಲುಗು ಬರುತ್ತಿರಲಿಲ್ಲ, ಕಲಿಸಿದ್ದು ಆಕೆ. ಮೊದಲ ದಿನ ಬಾಗಿಲಲ್ಲಿ ನಿಂತು "ರಂಡಿ, ರಂಡಿ" ಎಂದು ಸ್ವಾಗತಿಸಿದಾಗ ನನ್ನ ಎದೆ ಧಸಕ್ಕೆಂದಿತ್ತು. ಅದು 'ಬನ್ನಿ' ಎಂಬ ಮರ್ಯಾದೆಯ ಮಾತೆಂದು ತಿಳಿದದ್ದು ಆಮೇಲೆ. ಸಲಿಗೆ ಬೆಳೆದ ಮೇಲೆ ನಾನೇ ಹೇಳಿದ್ದೆ, ನಮ್ಮ ಕಡೆಯ ಹಿರಿಯರ ಮುಂದೆ ಮಾತ್ರ ಈ ಮಾತು ಆಡಬೇಡಿ, ಬೈದ ಹಾಗೆ ಕೇಳಿಸುತ್ತದೆ ಎಂದು. ಆಕೆ ಗಲ್ಲಕ್ಕೆ ಕೈ ಹಚ್ಚಿಕೊಂಡು ಕೇಳಿಸಿಕೊಂಡರು. ಒಮ್ಮೆ ಕೇಳಿದ್ದನ್ನು ಅವರು ಮರೆಯುವವರಲ್ಲ.

ಒಂದು ವರ್ಷ ಮಗಳ ಬಾಣಂತನಕ್ಕೆಂದು ಟೀಚರ್‌ಗಾರು ಮೂರು ತಿಂಗಳು ವಿಜಯವಾಡಕ್ಕೆ ಹೋದರು. ಹೋಗುವಾಗ ನಾಯಿಯನ್ನು ನನಗೆ ಒಪ್ಪಿಸಿದರು. ಎರಡು ಹೊತ್ತು ಅನ್ನ ಹಾಕು ಎಂದಿದ್ದರು, ನಾನು ಅನ್ನದ ಜೊತೆಗೆ ಮಾತನ್ನೂ ಹಾಕಿದೆ. ಬಾರೋ, ಕೂತ್ಕೋ, ಉಣ್ಣೋ, ಸುಮ್ಕಿರೋ, ಹೋಗೋ ಅತ್ಲಾಗೆ. ಸೊಪ್ಪು ಬಿಡಿಸುತ್ತ ಅತ್ತೆಮನೆಯ ಪುರಾಣವನ್ನೆಲ್ಲ ಅದರ ಮುಂದೆ ಬಿಚ್ಚಿದೆ. ಅದು ಒಂದು ಮಾತನ್ನೂ ಯಾರಿಗೂ ದಾಟಿಸಲಿಲ್ಲ.

ಟೀಚರ್‌ಗಾರು ವಾಪಸು ಬಂದು ಗೇಟಿನಲ್ಲಿ ನಿಂತು "ರಾ, ರಾ ನಾಯನಾ" ಎಂದು ಕರೆದರೆ ಅದು ಬಾಲ ಆಡಿಸಿತೇ ಹೊರತು ಎದ್ದು ಹೋಗಲಿಲ್ಲ. ನಾನು ಮೆಟ್ಟಿಲ ಮೇಲಿಂದ "ಹೋಗೋ" ಎಂದ ಮೇಲೆ ಹೋಯಿತು.

"ತೆಲುಗು ಮರ್ಚಿಪೋಯಿಂದಿ" ಎಂದರು ಟೀಚರ್‌ಗಾರು. ತೆಲುಗನ್ನೇ ಮರೆತುಬಿಟ್ಟಿದೆಯಂತೆ.

ಮಾರನೆಯ ದಿನವೇ ನೂರು ಪುಟದ ನೋಟ್‌ಬುಕ್ಕು ಹಿಡಿದು ಮೇಲೆ ಬಂದರು. ಎಡಗಡೆ ತೆಲುಗು ಮಾತು, ಬಲಗಡೆ ತೆಲುಗು ಅಕ್ಷರದಲ್ಲಿ ನನ್ನ ಕನ್ನಡ. 'ರಾ'ಗೆ ಬಾರೋ, 'ಕೂರ್ಚೋ'ಗೆ ಕೂತ್ಕೋ. ಉಚ್ಚಾರಣೆ ಸರಿಯಾಯಿತೆಂದು ನಾನು ಒಪ್ಪುವವರೆಗೆ ಏಳುತ್ತಿರಲಿಲ್ಲ. ಆ ಒಂದು ವಾರ ನನಗೆ ಎಷ್ಟು ಹಿಗ್ಗೆಂದರೆ, ಸಂಜೆಯಾಗುವುದನ್ನೇ ಕಾಯುತ್ತಿದ್ದೆ. ಊರಲ್ಲಿ ನನ್ನ ಮಾತನ್ನು ಬರೆದಿಟ್ಟುಕೊಳ್ಳುವುದಿರಲಿ, ಪೂರ್ತಿ ಕೇಳಿಸಿಕೊಂಡವರೂ ಇರಲಿಲ್ಲ.

ಕಚ್ಚಿದ್ದು ಎಂಟನೆಯ ದಿನ. ಟೀಚರ್‌ಗಾರು ಸರಪಳಿ ಹಿಡಿದು "ಬಾರೋ" ಎಂದು ಎಳೆದರು, ಅದು ಬಾರದಿದ್ದಾಗ ಸಿಟ್ಟಿನಲ್ಲಿ ತೆಲುಗಿಗೆ ತಿರುಗಿ ಗದರಿದರು. ನಾನು ಬಟ್ಟೆಯ ಬಕೆಟ್ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ಅದರ ಬಾಯಿಗೆ ಎಲ್ಲಕ್ಕಿಂತ ಹತ್ತಿರವಿದ್ದದ್ದು ನನ್ನ ಬಲಗಾಲಿನ ಮೀನಖಂಡ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು.

ಡಾಕ್ಟರು ಐದು ಇಂಜೆಕ್ಷನ್ ಬರೆದರು. ನಾಯಿಗೆ ಏನಾದರೂ ಆಗುತ್ತದೆಯೇ ಎಂದು ಹತ್ತು ದಿನ ಗಮನಿಸಿ ಎಂದರು. ಹೊಸ ಮಿಕ್ಸಿಗೆಂದು ನಾನು ಕೂಡಿಟ್ಟ ದುಡ್ಡೆಲ್ಲ ಸೂಜಿಯ ತುದಿಯಲ್ಲಿ ಹೋಯಿತು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಬಿಲ್ಲು ಹಿಡಿದು ಕೆಳಗಿಳಿದು, ನಿಮ್ಮ ನಾಯಿ ಕಚ್ಚಿದ್ದಕ್ಕೆ ಪರಿಹಾರ ಕೊಡಿ ಎಂದು ಕೇಳಿದೆ.

"ಮಾ ಕುಕ್ಕ ಕರವದಮ್ಮಾ" ಎಂದರು. ನಮ್ಮ ನಾಯಿ ಕಚ್ಚುವುದಿಲ್ಲ. ಮೂರು ತಿಂಗಳು ಅನ್ನ ಹಾಕಿ ಭಾಷೆ ಬದಲಾಯಿಸಿದವಳು ನೀನು, ಈಗ ಅದು ಯಾರ ನಾಯಿ ಹೇಳು ಎಂದು ನನ್ನನ್ನೇ ಕೇಳಿದರು.

ಸರಪಳಿ ಯಾರ ಕೈಯಲ್ಲಿತ್ತು ಎಂದು ನಾನು ತಿರುಗಿ ಕೇಳಿದೆ. ಆಕೆಯೇ ಕಲಿಸಿದ ತೆಲುಗಿನಲ್ಲಿ ಆಕೆಯ ಜೊತೆ ಜಗಳವಾಡಿದೆ, ಎಲ್ಲೂ ವ್ಯಾಕರಣ ತಪ್ಪಲಿಲ್ಲ. ಕೊನೆಗೆ ಬಿಲ್ಲುಗಳನ್ನು ಅವರ ಜಗಲಿಯ ಮೇಲೆ ಎಸೆದು ಮೇಲೆ ಬಂದೆ.

ಮಾತು ನಿಂತಿತು. ಆದರೂ ಹತ್ತು ದಿನ ಪ್ರತಿ ಬೆಳಗ್ಗೆ ಟೀಚರ್‌ಗಾರು ಅಂಗಳದಲ್ಲಿ ನಿಂತು, ಮೇಲೆ ನೋಡದೆ, ತುಳಸಿಗಿಡಕ್ಕೆ ಹೇಳುವ ಹಾಗೆ "ಬಾಗುಂದಿ" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ನಾಯಿ ಚೆನ್ನಾಗಿದೆ ಎಂಬ ವರದಿ ಅದು. ನಾನು ಕಿಟಕಿಯ ಹಿಂದೆ ನಿಂತು ಅದಕ್ಕಾಗಿ ಕಾಯುತ್ತಿದ್ದೆ, ಕೇಳಿದ ಮೇಲೆಯೇ ಕಾಫಿ ಕುಡಿಯುತ್ತಿದ್ದೆ. ಹನ್ನೊಂದನೆಯ ದಿನ ಅಳಿಯ ಕಾರು ತಂದ. ನಾಯಿಯನ್ನೂ ನೋಟ್‌ಬುಕ್ಕನ್ನೂ ಹಾಕಿಕೊಂಡು ಅವರು ವಿಜಯವಾಡಕ್ಕೆ ಹೊರಟೇಹೋದರು. ಅಂಗಳ ಬಿಕೋ ಎಂದಿತು. ದುಡ್ಡು ನನಗೆ ಬೇಕಿತ್ತು, ಸುಳ್ಳೇಕೆ. ಆದರೆ ಅದಕ್ಕಿಂತ ಹೆಚ್ಚಾಗಿ ಆಕೆ ಬೇಕಿತ್ತು.

ಇಷ್ಟರಲ್ಲಿ ನನ್ನ ಗಂಡ ಸಂಗತಿಯನ್ನೆಲ್ಲ ಫೋನಿನಲ್ಲಿ ತಮ್ಮ ಅಪ್ಪನ ಕಿವಿಗೆ ಹಾಕಿದ್ದರು. ಮಾವನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಜಡ್ಜನ್ನು ಬಿಟ್ಟರೆ ಮಿಕ್ಕವರಿಗೆಲ್ಲ ಏಕವಚನ. ಮದುವೆಯಾಗಿ ಆರು ವರ್ಷವಾದರೂ ನನ್ನನ್ನು ಕರೆಯುವುದು "ಬಾರೇ ಇಲ್ಲಿ" ಎಂದೇ. ಒಂದೊಂದು ಸಲ ಕರೆದಾಗಲೂ ನನಗೆ ಒಳಗೇ ಉರಿಯುತ್ತಿತ್ತು.

"ಬಾಯಲ್ಲಿ ಕೇಳಿದ್ರೆ ಯಾರ್ ಕೊಡ್ತಾರೆ? ನೋಟೀಸ್ ಕೊಡ್ಬೇಕು. ನಾನೇ ಬರ್ತೀನಿ" ಎಂದರು. ವಾರದಲ್ಲಿ ಬಂದೂಬಿಟ್ಟರು.

ನೋಟೀಸು ಅವರ ಜುಬ್ಬದ ಜೇಬಿನಲ್ಲೇ ಇತ್ತು. ಅಂಚೆಯಲ್ಲಿ ಕಳಿಸುವುದು ಬೇಡ, ಕೈಗೇ ಕೊಟ್ಟು ಸಹಿ ತೆಗೆದುಕೊಳ್ಳಬೇಕು ಎಂಬ ಹಟ. ಗಂಡನಿಗೆ ರಜೆ ಸಿಗಲಿಲ್ಲ, ಮಾವನವರ ಜೊತೆ ವಿಜಯವಾಡಕ್ಕೆ ಬೆಳಗಿನ ರೈಲು ಹತ್ತಿದವಳು ನಾನು. ಅನಕಾಪಲ್ಲಿ ದಾಟುವುದರೊಳಗೆ ಅವರು ಅದನ್ನು ನನಗೆ ಓದಿ ಹೇಳಿದರು: "ಸದರಿ ನಾಯಿಯು ಸದರಿ ಬಾಡಿಗೆದಾರಳ ಬಲಗಾಲಿನ ಮೀನಖಂಡವನ್ನು ಯಾವ ಪ್ರಚೋದನೆಯೂ ಇಲ್ಲದೆ..." ಎದುರು ಸೀಟಿನವರು ನನ್ನ ಕಾಲನ್ನೇ ನೋಡತೊಡಗಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋದಾವರಿಯ ಸೇತುವೆ ಬರುವವರೆಗೆ ನಿದ್ದೆಯ ನಟನೆ ಮಾಡಿದೆ. ಇವರು ಆ ಕಾಗದ ಕೊಟ್ಟ ಮೇಲೆ ಟೀಚರ್‌ಗಾರು ನನ್ನ ಪಾಲಿಗಿಲ್ಲ ಎಂಬುದು ನನಗೆ ಖಚಿತವಾಗಿತ್ತು. ಹಿಂದಿನ ದಿನ ಕದ್ದು ಅವರ ಮಗಳ ಮನೆಗೆ ಫೋನು ಮಾಡಿ, ನಮ್ಮ ಮಾವನವರು ಬರುತ್ತಿದ್ದಾರೆ, ಹಿರಿಯರು ಎಂದಷ್ಟೇ ಹೇಳಿದ್ದೆ. ನೋಟೀಸಿನ ವಿಷಯ ಹೇಳಲು ಬಾಯಿ ಬರಲಿಲ್ಲ.

ಬಾಗಿಲು ತೆಗೆದ ಟೀಚರ್‌ಗಾರು ಗಂಜಿ ಹಾಕಿದ ನೂಲಿನ ಸೀರೆ ಉಟ್ಟಿದ್ದರು. ನನ್ನ ಕಡೆ ನೋಡಲಿಲ್ಲ. ಮಾವನವರಿಗೆ ಎರಡೂ ಕೈ ಜೋಡಿಸಿ, 'ರಂಡಿ' ಎನ್ನಲು ಬಾಯಿ ತೆರೆದು, ಅರ್ಧದಲ್ಲೇ ತಡೆದರು. ನನ್ನ ಎಚ್ಚರಿಕೆ ನೆನಪಾಗಿತ್ತು. ಒಂದು ಗಳಿಗೆ ಕಣ್ಣುಮುಚ್ಚಿ ಪಾಠವನ್ನು ಜ್ಞಾಪಿಸಿಕೊಂಡು, ಬಹಳ ಗೌರವದಿಂದ, ಒಂದಕ್ಷರವೂ ತಪ್ಪದ ಉಚ್ಚಾರಣೆಯಲ್ಲಿ ಹೇಳಿದರು.

"ಬಾರೋ. ಬಾ, ಬಾ. ಕೂತ್ಕೋ."

ಮಾವನವರು ಕೂತರು. ಮೂವತ್ತೈದು ವರ್ಷ ಕೋರ್ಟಿನಲ್ಲಿ ಕೂರಿಸಿದಲ್ಲಿ ಕೂತ ಅಭ್ಯಾಸ ಇರಬೇಕು. ಕುರ್ಚಿಯ ಪಕ್ಕದಲ್ಲಿ ನಾಯಿಯೂ ಕೂತಿತು.

ಮಾವನವರ ಮುಖ ಕೆಂಪಗಾಗಿತ್ತು. ಅವರು ಜೇಬಿಗೆ ಕೈ ಹಾಕಿದರು. ಮನೆಯಲ್ಲಿ ಎಳೆ ಕೂಸು ಇತ್ತಲ್ಲ, ಮೊದಲ ಸಲ ನೋಡಲು ಬಂದವರು ಮಗುವಿನ ಕೈಗೆ ದುಡ್ಡು ಇಡುವುದು ವಾಡಿಕೆ. ಟೀಚರ್‌ಗಾರು ಅದೇ ಇರಬೇಕೆಂದುಕೊಂಡು ಸಂಕೋಚದಿಂದ ಕೈ ಅಡ್ಡ ಹಿಡಿದರು.

"ಸುಮ್ಕಿರೋ, ಸುಮ್ಕಿರೋ. ಉಣ್ಣೋ."

ಜೇಬಿಗೆ ಹೋದ ಕೈ ಅಲ್ಲೇ ನಿಂತಿತು. ಮಾವನವರು ನಾಯಿಯನ್ನು ನೋಡಿದರು, ಆಕೆಯನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು.

"ಇವರಿಗೆ ಕನ್ನಡ ಕಲಿಸಿದೋಳು ನೀನೇನೇ?"

"ಇವರಿಗಲ್ಲ ಮಾವ. ನಾಯಿಗೆ."

ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ದನಿ ಬಂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಟೀಚರ್‌ಗಾರು ಗಾಬರಿಯಿಂದ "ತಪ್ಪುಗಾ ಅನ್ನಾನಾ?" ಎಂದು ನನ್ನನ್ನು ಕೇಳಿದರು. ಹದಿನೆಂಟು ದಿನಗಳ ಮೇಲೆ ನನಗೆಂದು ಆಡಿದ ಮೊದಲ ಮಾತು ಅದು. ತಪ್ಪಾಗಿ ಏನು ಹೇಳಿದಿರೆಂದು ತೆಲುಗಿನಲ್ಲಿ ವಿವರಿಸಿದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಗೊರಗಿದರು. ಅಳುತ್ತಿದ್ದಾರೇನೋ ಎಂದು ಹತ್ತಿರ ಹೋದರೆ ಅವರೂ ನಗುತ್ತಿದ್ದರು.

ಇಬ್ಬರಿಗೂ ಇಂಗ್ಲಿಷು ಬರುತ್ತದೆಂಬುದು ನಮಗೆಲ್ಲ ಹೊಳೆದದ್ದು ಆಮೇಲೆ. ಊಟಕ್ಕೆ ಮುಂಚೆ ಟೀಚರ್‌ಗಾರು ಬೀರುವಿನಿಂದ ಒಂದು ಕವರು ತಂದು ನನ್ನ ಕೈಗಿಟ್ಟರು. ನಾನು ಎಸೆದ ಬಿಲ್ಲುಗಳೂ ಅವುಗಳ ದುಡ್ಡೂ ಅದರಲ್ಲಿದ್ದವು. ಜಗಳದ ಮಾರನೆಯ ದಿನವೇ ಹಾಕಿಟ್ಟಿದ್ದರಂತೆ, ಕೊಡಲು ಬಿಗುಮಾನ ಬಿಡಲಿಲ್ಲವಂತೆ. ಬೇಡವೆನ್ನುವಷ್ಟು ದೊಡ್ಡತನ ನನಗೂ ಇರಲಿಲ್ಲ, ತೆಗೆದುಕೊಂಡೆ. ಮುಂದಿನ ವಾರವೇ ದ್ವಾರಕಾ ನಗರದಲ್ಲಿ ಮಿಕ್ಸಿ ಕೊಂಡೆ.

ಊಟವಾದ ಮೇಲೆ ಮಾವನವರು ನೋಟೀಸಿಗೆ ಸಹಿ ಹಾಕಿಸಲೆಂದು ತಂದ ಪೆನ್ನಿನಲ್ಲಿ ಆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದರು. 'ಮನುಷ್ಯರಿಗೆ' ಎಂದು ತಲೆಬರಹ. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ. ಟೀಚರ್‌ಗಾರು ಪಕ್ಕದಲ್ಲಿ ಕೂತು ಒಂದೊಂದನ್ನೂ ತೆಲುಗು ಅಕ್ಷರಕ್ಕೆ ಇಳಿಸಿಕೊಂಡರು. ಕೊನೆಗೆ, ಕ್ಷಮಿಸು ಎನ್ನುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದರು. ಮಾವನವರು 'ತಪ್ಪಾಯ್ತು ಕಣ್ರೀ' ಎಂದು ಬರೆದು, ಯಾರಿಗೆ ಹೇಳುವುದು ಎಂದರು. ಆಕೆ ಗದ್ದದಲ್ಲೇ ನನ್ನ ಕಡೆ ತೋರಿಸಿದರು.

ಮಾವನವರು ಬರೆದದ್ದನ್ನು ಹೊಡೆದುಹಾಕಿದರು. ಆಕೆಗೆ ಇಂಗ್ಲಿಷಿನಲ್ಲಿ ಏನೋ ಹೇಳಿ, ನನಗೂ ಕೇಳಲೆಂದು ಕನ್ನಡದಲ್ಲಿ ಹೇಳಿದರು. "ಇವಳಿಗೆ ಬಹುವಚನ ಯಾಕೆ? ಮನೆ ಮಗಳು. 'ಕಣೇ' ಅಂದ್ರೆ ಸಾಕು."

"ತಪ್ಪಾಯ್ತು ಕಣೇ" ಎಂದರು ಟೀಚರ್‌ಗಾರು. ಉಚ್ಚಾರಣೆ ಸರಿಯಿದೆಯೇ ಎಂದು ನನ್ನ ಮುಖ ನೋಡಿದರು. ಸರಿಯಿದೆ ಎಂದು ತಲೆಯಾಡಿಸಿದೆ.

ಸಂಜೆ ರೈಲಿಗೆ ಹೊತ್ತಾಯಿತೆಂದು ಮಾವನವರು ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಂತು ಕೂಗಿದರು. "ಬಾರೇ."

ನಾನು ಎದ್ದೆ. ನನ್ನ ಕಾಲ ಬಳಿ ಮಲಗಿದ್ದ ನಾಯಿಯೂ ಎದ್ದಿತು.