ಮರಳಿನಿಂದ ಬಂದ ಎಣ್ಣೆ

ಒಣಗೈ ಎಂದು ಅವನಿಗೆ ಹೆಸರು ಬಿದ್ದದ್ದು ಪ್ರಯೋಗಾಲಯದಲ್ಲಿ. ಇಟ್ಟವರು ನಿವೃತ್ತರಾಗಿ ಹೋದರು, ಹೆಸರು ಉಳಿಯಿತು. ತಲೆಗೆ ಎಣ್ಣೆಯಿಲ್ಲ, ಮುಖಕ್ಕೆ ಕ್ರೀಮಿಲ್ಲ, ಚಳಿಗೆ ತುಟಿ ಒಡೆದು ರಕ್ತ ಬಂದರೂ ಮುಲಾಮಿಲ್ಲ. ಬೆರಳ ತುದಿಗಳು ಬತ್ತಿದ ಕೆರೆಯ ಹಾಗೆ ಬಿರುಕು ಬಿಟ್ಟಿದ್ದವು. ಇದು ವ್ರತವಲ್ಲ, ಜಿಪುಣತನವೂ ಅಲ್ಲ. ಅವನ ಕಸುಬು ಅಂಥದ್ದು.

ಕಲ್ಲಿನಿಂದ ಎಣ್ಣೆ ತೆಗೆಯುವುದು ಅವನ ಕಸುಬು. ಒಂದು ಬತ್ತಿ ನೆನೆಯುವಷ್ಟೂ ಅಲ್ಲ. ಮೀನು, ಮರ ಯಾವುದೂ ಹುಟ್ಟಿರದ ಕಾಲದಲ್ಲಿ ಕಡಲ ತಳಕ್ಕೆ ಇಳಿದ ಕೆಸರು ಪದರ ಪದರವಾಗಿ ಗಟ್ಟಿಯಾಗಿ ಕಪ್ಪು ಕಲ್ಲಾಗಿದೆ. ಜೊತೆಗೆ ಸತ್ತು ಬಿದ್ದ, ಕಣ್ಣಿಗೆ ಕಾಣದ ಜೀವಿಗಳ ಜಿಡ್ಡು ಅದರೊಳಗೆ ಇನ್ನೂ ಚೂರುಪಾರು ಉಳಿದಿರುತ್ತದೆ. ಕಲ್ಲಿನ ಹೊರಮೈ ಕೊಯ್ದು ತೆಗೆದು, ಉಳಿದದ್ದನ್ನು ಹಿಟ್ಟು ಮಾಡಿ ಗಾಜಿನ ನಳಿಗೆಯಲ್ಲಿಡಬೇಕು. ಕೆಳಗೆ ಕುದಿಯುವ ದ್ರಾವಕ ಆವಿಯಾಗಿ ಏರಿ, ತಣಿದು, ಹಿಟ್ಟಿನ ಮೇಲೆ ತೊಟ್ಟಿಕ್ಕಿ, ಸಿಕ್ಕಿದ್ದನ್ನು ತೊಳೆದುಕೊಂಡು ಮತ್ತೆ ಕೆಳಗಿಳಿಯುತ್ತದೆ. ಮತ್ತೆ ಮತ್ತೆ ಅದೇ ಸುತ್ತು. ಕೊನೆಗೆ ದ್ರಾವಕವನ್ನು ಆರಿಸಿದರೆ ಸೀಸೆಯ ತಳದಲ್ಲಿ ಒಂದು ಹಳದಿ ಕಲೆ. ಅದರಲ್ಲಿ ಏನೇನಿದೆ ಎಂದು ಯಂತ್ರವೊಂದು ಗೆರೆ ಎಳೆದು ತೋರಿಸುತ್ತದೆ. ಗುಡ್ಡ ಅಗೆದು ಇಲಿ ಹಿಡಿದರು ಎಂದು ಜನ ನಗುತ್ತಾರಲ್ಲ, ಇವನಿಗೆ ಇಡೀ ಇಲಿಯೂ ಬೇಡ, ಅದರ ಮೀಸೆಯ ಕೂದಲೊಂದು ಸಿಕ್ಕರೆ ಸಾಕು.

ತೊಂದರೆ ಏನೆಂದರೆ, ಅಷ್ಟು ಜಿಡ್ಡು ಮನುಷ್ಯನ ಹೆಬ್ಬೆರಳಿನ ಗುರುತಿನಲ್ಲೇ ಇರುತ್ತದೆ. ಬೆರಳು ತಾಗಿತೋ, ಯಂತ್ರ ಹೇಳುವುದು ಕಡಲಿನ ಸಮಾಚಾರವಲ್ಲ, ನಮ್ಮ ಬಚ್ಚಲಮನೆಯ ಸಮಾಚಾರ. ಅದಕ್ಕೇ ಗಾಜನ್ನೆಲ್ಲ ಕುಲುಮೆಯಲ್ಲಿ ಸುಟ್ಟು, ಕೈಗೆ ಗೌಸು ಹಾಕಿಕೊಂಡು, ಕಲ್ಲಿಗಿಂತ ಮೊದಲು ಬರೀ ಸುಟ್ಟ ಮರಳನ್ನಿಟ್ಟು ನೋಡುತ್ತಾರೆ. ಮರಳಿನಿಂದ ಏನೂ ಬರಬಾರದು, ಗೆರೆ ನೆಲಕ್ಕೆ ಅಂಟಿ ಮಲಗಿರಬೇಕು. ಒಣಗೈಯ ಮರಳು ಯಾವತ್ತೂ ಮಾತು ತಪ್ಪಿರಲಿಲ್ಲ. ಬೇರೆಯವರು ಮಕ್ಕಳ ಅಂಕಪಟ್ಟಿ ತೋರಿಸಿ ಬೀಗಿದರೆ ಇವನು ಏನೂ ಇಲ್ಲದ ಗೆರೆ ತೋರಿಸಿ ಬೀಗುವವನು.

"ಮರಳು ಹಿಂಡಿ ಎಣ್ಣೆ ಬರ್ಲಿಲ್ಲ ಅಂತ ಕುಣಿಯೋ ಗಂಡಸು ಭೂಮಿ ಮೇಲೆ ನೀವೊಬ್ರೇ ಕಣ್ರೀ," ಎಂದು ಹೆಂಡತಿ ನಗುತ್ತಿದ್ದಳು.

ಈಗಲೂ ನಗುತ್ತಾಳೆ, ಆದರೆ ತುಟಿಯ ಒಂದು ಕಡೆ ಸ್ವಲ್ಪ ತಡವಾಗಿ ಬಂದು ಸೇರಿಕೊಳ್ಳುತ್ತದೆ. ಹೋದ ಚಳಿಗಾಲ ಹೊಲಿಗೆ ಮೆಷಿನ್ನಿನ ಮುಂದೆ ಕೂತವಳು ಹಾಗೇ ಪಕ್ಕಕ್ಕೆ ವಾಲಿಬಿಟ್ಟಳು. ಮಾತು ವಾಪಸು ಬಂತು, ಕಾಲು ಬಂತು. ಕತ್ತರಿ ಹಿಡಿಯುತ್ತಿದ್ದ ಬಲಗೈ ಬರಲಿಲ್ಲ. ವ್ಯಾಯಾಮ ಮಾಡಿಸುವಾಕೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು: "ಈ ಕೆಲವು ತಿಂಗಳಲ್ಲಿ ಬಂದ್ರೆ ಬಂತು. ಅವ್ರ ಬೆರಳಿಗೆ ಏನಾದ್ರೂ ಜಿಡ್ಡು ಹಚ್ಚಿ ದಿನಾ ತಿಕ್ಕಿ. ಆಮೇಲೆ ನಿಮ್ಮ ಬೆರಳು ಕೊಡಿ, ಅವ್ರು ಹಿಂಡ್ಲಿ. ನೀವು ಅಯ್ಯೋ ಅಂದ ದಿನ ನನ್ನ ಕೆಲಸ ಮುಗೀತು."

ಬೆರಳು ಕೊಡುವುದು ಸುಲಭ. ಜಿಡ್ಡು ಹಚ್ಚುವುದು? ಆ ಕೆಲಸವನ್ನು ಎದುರುಮನೆಯಾಕೆ ಬೆಳಿಗ್ಗೆ ಬಂದು ಮಾಡಿಹೋಗುತ್ತಿದ್ದಳು. ಪೆಟ್ರೋಲಿಯಂ ಜೆಲ್ಲಿಯ ದುಂಡು ಡಬ್ಬಿ ಹಾಸಿಗೆಯ ಪಕ್ಕದಲ್ಲೇ ಇರುತ್ತಿತ್ತು, ಅವನು ಅದನ್ನು ಚೇಳಿನಂತೆ ದೂರವಿಡುತ್ತಿದ್ದ. ಕಟ್ಟಿಕೊಂಡವಳ ಕೈ ತಿಕ್ಕಲು ಪರರನ್ನು ಕರೆಯಬೇಕಾಯಿತಲ್ಲ ಎಂದು ಅವನಿಗೆ ನಾಚಿಕೆಯಾಗುತ್ತಿತ್ತು. ಆದರೂ ಮುಟ್ಟಲಿಲ್ಲ. ಪ್ರಯೋಗಾಲಯದ ಕಪಾಟಿನಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಕಪ್ಪು ಕಲ್ಲು ಕಾಯುತ್ತಿತ್ತು. ಬಹಳ ಆಳಕ್ಕೆ ಕೊರೆದ ಕೊಳವೆಬಾವಿಯೊಂದರಿಂದ ಬಂದದ್ದರಲ್ಲಿ ಉಳಿದದ್ದು ಅದೊಂದೇ ತುಂಡು. ಮೊದಲಿನ ತುಂಡುಗಳಲ್ಲಿ ಕಂಡ ಜಿಡ್ಡು ಕಲ್ಲಿನದೋ ಯಾರದೋ ಕೈಯದೋ ಎಂದು ಹೊರಗಿನ ವಿಜ್ಞಾನಿಗಳು ಅನುಮಾನ ಎತ್ತಿದ್ದರು. ಪ್ರಯೋಗಾಲಯ ನಡೆಸುವ ಮೇಡಂ ಅವರ ಅರ್ಧ ಆಯಸ್ಸು ಆ ಕಲ್ಲಿನಲ್ಲಿ ಕರಗಿತ್ತು. ಈ ಸಲ ಒಣಗೈಯೇ ಮಾಡಬೇಕು ಎಂದು ಅವರು ಹೇಳಿದ್ದರು, ಅವನು ಹೂಂ ಎಂದಿದ್ದ. ನಿವೃತ್ತಿಗೆ ಮೊದಲು ಅದು ಅವನ ಕೊನೆಯ ಕಲ್ಲು.

ಹೀಗಾಗಿ ದಿನವೆಲ್ಲ ಗಾಜು ಸುಡುವುದು, ಸಂಜೆ ಮನೆಗೆ ಬಂದು ಅಡುಗೆ, ಪಾತ್ರೆ, ಬಟ್ಟೆ. ಎಲ್ಲ ಮುಗಿಸಿ ಅವಳ ಹಾಸಿಗೆಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಕೈ ಚಾಚುತ್ತಿದ್ದ. "ಹಿಂಡು," ಎನ್ನುತ್ತಿದ್ದ. ಅವಳು ಹಿಂಡುವುದರೊಳಗೆ ಅವನಿಗೆ ನಿದ್ದೆ. ಎದ್ದರೆ ಮೈಯೆಲ್ಲ ಭಾರ. ಬೆರಳ ಬಿರುಕು ಮಾತ್ರ ಇತ್ತೀಚೆಗೆ ಅಷ್ಟಾಗಿ ಉರಿಯುತ್ತಿರಲಿಲ್ಲ. ಹವೆ ಬದಲಾಯಿತು ಎಂದುಕೊಂಡ.

ಕೊನೆಯ ಕಲ್ಲಿಗಿಂತ ಮೊದಲು ಎಂದಿನಂತೆ ಮರಳನ್ನಿಟ್ಟು ನೋಡಿದ. ಮೇಡಂ ಯಂತ್ರದ ಮುಂದೆ ಕೂತು ಗೆರೆ ನೋಡಿದರು. ಮಲಗಿರಬೇಕಾದ ಗೆರೆ ಒಂಟೆಯ ಬೆನ್ನಿನ ಹಾಗೆ ಎದ್ದಿತ್ತು.

"ಇದು ಕೈಗೆ ಹಚ್ಚೋ ಜೆಲ್ಲಿ," ಅಂದರು. ದನಿ ಏರಿಸಲಿಲ್ಲ. "ನೀವು ಹಚ್ಚಿದ್ರಾ?"

"ನನ್ನಾಣೆ ಇಲ್ಲ ಮೇಡಂ."

"ಕಲ್ಲು ಇಟ್ಟಿರ್ಲಿಲ್ಲ, ಬಚಾವ್. ಎಲ್ಲಿಂದ ಬಂತು ಹುಡುಕಿ."

ಗೌಸಿನ ಪೆಟ್ಟಿಗೆ, ಗಾಜು, ದ್ರಾವಕ, ಬಾಗಿಲ ಹಿಡಿ, ಎಲ್ಲವನ್ನೂ ಅನುಮಾನದಿಂದ ನೋಡಿದ. ಮೂವತ್ತು ವರ್ಷದ ಹೆಸರು ಒಂದು ಗೆರೆಯಲ್ಲಿ ನೀರುಪಾಲಾಗಿತ್ತು. ಅವತ್ತು ಅಡುಗೆಯನ್ನೂ ಮಾಡದೆ ಕುರ್ಚಿಗೆ ಒರಗಿ, ಅಭ್ಯಾಸಬಲದಿಂದ ಕೈ ಚಾಚಿ ಕಣ್ಣು ಮುಚ್ಚಿದ. ಎಷ್ಟು ಸುಸ್ತಾಗಿದ್ದರೂ ಚಿಂತೆಗೆ ನಿದ್ದೆ ಹತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ತಗಡು ಕೆರೆಯುವ ಸದ್ದು. ನಿಂತಿತು. ಮತ್ತೆ ಕೆರೆಯಿತು, ಜಾರಿತು, ಅವಳು ಉಸಿರು ಬಿಗಿಹಿಡಿದಳು, ಮುಚ್ಚಳ ಬಿಟ್ಟುಕೊಂಡಿತು. ಆಮೇಲೆ ಅವನ ತೋರುಬೆರಳ ಬಿರುಕಿನ ಮೇಲೆ ತಣ್ಣಗಿನದೇನೋ ಬಂದು ಕೂತಿತು. ಅದನ್ನು ಸವರುತ್ತಿದ್ದ ಬೆರಳು ನಡುಗುತ್ತಿತ್ತು, ದಾರಿ ತಪ್ಪುತ್ತಿತ್ತು, ವಾಪಸು ಬರುತ್ತಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನ ಗಾದೆ ಕೇಳಿದ್ದೇವೆ, ಈ ಪುಣ್ಯಾತ್ಮ ದಿನಾ ಅದನ್ನೇ ಮಾಡಿಕೊಂಡು ಬಂದಿದ್ದ.

ಕಣ್ಣು ತೆರೆದ. ಡಬ್ಬಿ ಅವಳ ಎಡಗೈಯಲ್ಲಿತ್ತು. ಸವರುತ್ತಿದ್ದದ್ದು ಬಲಗೈ.

ಅವಳು ಕದ್ದು ಸಿಕ್ಕಿಬಿದ್ದವಳ ಹಾಗೆ ನೋಡಿದಳು. "ಬೈಬೇಡಿ. ಹಿಂಡು ಅಂತೀರಿ, ಹಿಂಡೋಕೆ ಬರಲ್ಲ. ಸವರೋಕೆ ಬಂತು. ನಿಮ್ಮ ಕೈ ನೋಡೋಕಾಗಲ್ಲ ಕಣ್ರೀ, ರಕ್ತ ಬರ್ತಿತ್ತು. ಹೇಗೂ ಗೌಸು ಹಾಕ್ಕೋತೀರಲ್ಲ ಅಂದ್ಕೊಂಡೆ."

ಗೌಸು ಹಾಕಿಕೊಳ್ಳುವಾಗ ಅದರ ಹೊರಮೈ ಎಳೆಯುವುದು ಬರಿಗೈಯೇ ಎಂದು ಅವಳಿಗೇನು ಗೊತ್ತು. ಅವನಿಗೆ ಸಿಟ್ಟು ಬಂತು. ಅದು ಗಂಟಲಿಗೆ ಬರುವುದರೊಳಗೆ ಅಳುವಾಗಿತ್ತು. "ಮುಚ್ಚಳ ತೆಗೆದದ್ದೂ ಈ ಕೈಯೇನಾ?" ಎಂದ.

"ಇನ್ನೇನು ಎದುರುಮನೆಯವಳು ಕಿಟಕಿಯಿಂದ ಕೈ ಹಾಕಿ ತೆಗೆದ್ಲಾ?" ಎಂದವಳು, ಅವನ ಮುಖ ನೋಡಿ ಗಾಬರಿಯಾದಳು. "ನಿಮ್ಮ ಕಲ್ಲು ಕೆಟ್ಟುಹೋಯ್ತಾ?"

"ಇಲ್ಲ. ಬರೀ ಮರಳು."

"ಹಾಗಾದ್ರೆ ಇವತ್ತಿಗೇ ನಿಲ್ಲಿಸ್ತೀನಿ," ಎಂದು ಡಬ್ಬಿ ಮುಚ್ಚಲು ಹೋದಳು. ಅವನು ಮುಚ್ಚಳವನ್ನು ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡ.

ಮಾರನೆಯ ದಿನ ಮೇಡಂ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದ. ಅವರು ಒಂಟೆಬೆನ್ನಿನ ಗೆರೆಯಿದ್ದ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು. "ಸ್ವಲ್ಪ ದಿನ ಬಿಡಿ, ಕೈ ಮೊದಲಿನ ಹಾಗೆ ಒಣಗ್ಲಿ. ಆಮೇಲೆ ನೀವೇ ಮಾಡಿ. ಕಲ್ಲಿಗೇನು ಅವಸರ?"

"ಕಲ್ಲಿಗಿಲ್ಲ ಮೇಡಂ. ಅವಳ ಕೈಗಿದೆ." ಕಪಾಟಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ಆ ಕಲ್ಲು ತನ್ನ ಕೈಯಿಂದಲೇ ಬಾಯಿ ಬಿಡಬೇಕೆಂದು ಅವನು ತುಂಬ ಆಸೆ ಪಟ್ಟಿದ್ದ.

"ಸರಿ, ನಾನೇ ಮಾಡ್ತೀನಿ," ಎಂದರು ಮೇಡಂ. "ಗಾಜು ಸುಡೋದು ಮರ್ತಿಲ್ಲ. ನೀವು ದೂರ ನಿಂತು ಬೈತಾ ಇರಿ."

ಸಂಜೆ ಕುರ್ಚಿಯಲ್ಲಿ ಕೂತು ಎರಡೂ ಕೈ ಚಾಚಿದ. ಅವಳು ಒಂದೊಂದೇ ಬಿರುಕು ಹುಡುಕಿ ಸವರಿದಳು. ಸವರಿ ಮುಗಿದ ಮೇಲೆ ಅವನ ತೋರುಬೆರಳನ್ನು ಹಿಡಿದು, ಹಲ್ಲು ಕಚ್ಚಿ, ಹಿಂಡಿದಳು. ಜಿಡ್ಡಿಗೆ ಹಿಡಿತ ಜಾರಿತು. ಮತ್ತೆ ಹಿಡಿದಳು. ಏನೋ ಚುರುಕ್ ಎಂದಂತಾಯಿತು.

"ಅಯ್ಯೋ!" ಎಂದ.

"ಸುಳ್ಳು."

"ಅರ್ಧ ಸುಳ್ಳು."

ಅವಳು ಕೈ ಬಿಡಲಿಲ್ಲ. "ಹಾಗಿದ್ರೆ ನಿದ್ದೆ ಮಾಡ್ಬೇಡಿ," ಅಂದಳು, "ಇನ್ನರ್ಧ ಬಾಕಿ ಇದೆ."